ವಿನ್ಯಾಸವಿದ್ಯೆಯೂ ಪರದೇಶಗಮನವೂ

ಪರೀಕ್ಷೆಗಳು ಮುಗಿದು ಫಲಿತಾಂಶಗಳು ಹೊರಬೀಳುವ ಕಾಲವು ಬಂತೆಂದರೆ ಪರದೇಶದ ವಿಶ್ವವಿದ್ಯಾಲಯಗಳ ಪ್ರಕಟನೆಗಳು ಪತ್ರಿಕೆಗಳ ಅಂಕಣಗಳನ್ನು ತುಂಬತೊಡಗುತ್ತವೆ. ಹಿಂದೆ ಬ್ಯಾರಿಸ್ಟರರೂ ವೈದ್ಯರೂ ಇಂಜಿನಿಯರರೂ ಆಗಬಯಸುವವರು ಮಾತ್ರವೇ ಕಡಲಾಚೆಗೆ ದೃಷ್ಟಿಯಿಡುತ್ತಿದ್ದರು. ಈಗ ವಿನ್ಯಾಸವಿದ್ಯೆಯನ್ನು, ಎಂದರೆ ರೂಢಿಯಲ್ಲಿ ಡಿಸೈನ್ ಎಂದು ಕರೆಯಲ್ಪಡುವ ವಿದ್ಯೆಯನ್ನು, ಕಲಿಯುವ ತರುಣರೂ ಲಂಡನ್, ಮಿಲಾನ್, ಹೆಲ್ಸಿಂಕಿ ನಗರಗಳಿಗೆ ಹೋಗಿ ಬರುತ್ತಿದ್ದಾರೆ. ಇದು ಸಂತೋಷದ ಸಂಗತಿಯೇ ಸರಿ. ಸಮುದ್ರಯಾನವು ಕಲಿಯುಗದಲ್ಲಿ ವರ್ಜ್ಯವೆಂದು ಹೇಳಿ, ಹೋಗಿಬಂದವನಿಗೆ ಪಂಚಗವ್ಯವನ್ನು ಕುಡಿಸುತ್ತಿದ್ದ ಕಾಲವು ಕಳೆದುಹೋಯಿತು. ಕೋಶ ಓದು, ದೇಶ ಸುತ್ತು ಎಂದು ನಮ್ಮ ಹಿರಿಯರು ಹೇಳಿದಾಗ ಎರಡರಲ್ಲಿ ಯಾವುದೊಂದನ್ನೂ ಬಿಡೆಂದು ಹೇಳಲಿಲ್ಲ. ಆದರೆ ಈ ವಿದ್ಯೆಗಾಗಿ ದೇಶ ಸುತ್ತುವವರು ಯಾರ ಮಕ್ಕಳು, ಯಾರ ಮಕ್ಕಳು ಊರಿನಲ್ಲಿಯೇ ಉಳಿಯುತ್ತಾರೆ ಎಂಬ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲವಾದುದರಿಂದ ನಾವು ಕೇಳಬೇಕಾಗಿದೆ. ಕೇಳುವುದಕ್ಕೆ ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳಕ್ಕಿಂತ ತಕ್ಕ ಸ್ಥಳವು ಬೇರೆ ಇಲ್ಲ.

ಕಿನ್ನಾಳದ ಚಿತ್ರಗಾರರ ಕೆಲಸವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅದು ಆಗುವ ಬಗೆಯನ್ನು ಕಂಡವರು ಕಡಮೆ. ಹಗುರವಾದ ಮೃದು ಮರವನ್ನು ಆರಿಸಿ, ಮೂರ್ತಿಯ ಅಂಗಾಂಗಗಳನ್ನು ಬೇರೆಬೇರೆಯಾಗಿ ಕೆತ್ತುತ್ತಾರೆ. ಗರುಡನೊಬ್ಬನಿಗೆ 12 ಭಾಗಗಳು. ಸಿಂಹಾಸನಸ್ಥನಾದ ಗಣಪತಿಗೆ 22. ಇವುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಯಿಸಿ, ಸೀಳಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟಿನೊಡನೆಯೂ ಅದೇ ಅಂಟಿನೊಡನೆಯೂ ಕಲಸಿದರೆ ಆಗುವ ಮುದ್ದೆಗೆ ಕಿಟ್ಟವೆಂದು ಹೆಸರು. ಅದನ್ನು ಕೈಯಿಂದಲೇ ಮೈಗೆಲ್ಲ ಸವರಿ, ಮೇಲೆ ಹತ್ತಿಯ ಬಟ್ಟೆಯ ತುಣುಕುಗಳನ್ನು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪವನ್ನು ಕೊಟ್ಟಮೇಲೆಯೇ ಬಣ್ಣದ ಮಾತು. ಒಡವೆಗಳೂ ಕಿರೀಟವೂ ಉಬ್ಬಿ ಕಾಣಬೇಕಾದರೆ ಅದೇ ಕಲ್ಲಿನ ಪುಡಿಯನ್ನು ಗೋಂದಿನಲ್ಲಿ ಕಲಸಿ ಎಳೆಯಾಗಿ ಎಳೆಯಬೇಕು. ಕೊನೆಗೆ ಲಾಜವಾರ, ತವರದ ಲೇಪದಿಂದ ಬೆಳ್ಳಿಬಂಗಾರದ ಹೊಳಪನ್ನು ತರುವ ಈ ಕೆಲಸವು ಕಿನ್ನಾಳದ ಹೆಗ್ಗುರುತು. ಹಂಪೆಯ ವಿರೂಪಾಕ್ಷ ದೇವಾಲಯದ ಚಿತ್ರಗಳನ್ನು ಬರೆದವರೂ ಅಲ್ಲಿನ ಮರದ ರಥದ ಕುಸುರಿಯನ್ನು ಮಾಡಿದವರೂ ಈ ಮನೆತನಗಳ ಪೂರ್ವಜರೆಂಬ ಪ್ರತೀತಿಯಿದೆ. ಒಂದು ಮನೆಯಲ್ಲಿ ದೊರೆತ ಹಳೆಯ ಕಾಗದದ ನಕ್ಕುಗಳು ಅದಕ್ಕೆ ಪುಷ್ಟಿಯನ್ನು ಕೊಡುತ್ತವೆ. ಸರಕಾರವು ಈ ಕಲೆಗೆ ಭೌಗೋಳಿಕ ಸೂಚಕದ ಮನ್ನಣೆಯನ್ನೂ ಕೊಟ್ಟಿದೆ.

ಮರ, ಅಂಟು, ಲೇಪ, ಬಣ್ಣ, ಪ್ರಮಾಣ, ಬಾಳಿಕೆ ಇವಿಷ್ಟನ್ನೂ ಕೂಡಿಸಿ ಕಲಿಸುವ ವಿದ್ಯೆಗೆ ವಿನ್ಯಾಸವೆಂದು ಹೆಸರಾದರೆ, ಕಿನ್ನಾಳದ ಹುಡುಗನು ಹತ್ತು ವರ್ಷಕ್ಕೇ ಅದರ ಪ್ರವೇಶಪರೀಕ್ಷೆಯನ್ನು ಮುಗಿಸಿರುತ್ತಾನೆ.

ಈಗ ನಡೆಯುತ್ತಿರುವುದನ್ನು ನೋಡಿರಿ. ವಿನ್ಯಾಸದ ಮಹಾವಿದ್ಯಾಲಯಗಳಲ್ಲಿ ಯಾವುದಾದರೊಂದು ಕರಕುಶಲವನ್ನು ಸ್ಥಳದಲ್ಲಿಯೇ ಕಂಡು ವರದಿ ಬರೆಯುವುದು ಪಾಠಕ್ರಮದ ಭಾಗವಾಗಿದೆ. ವಿದ್ಯಾರ್ಥಿಗಳು ಊರಿಗೆ ಬರುತ್ತಾರೆ, ಜಗಲಿಯ ಮೇಲೆ ಕುಳಿತು ಪ್ರಶ್ನೆ ಕೇಳುತ್ತಾರೆ, ಚಿತ್ರ ತೆಗೆಯುತ್ತಾರೆ, ಚಹ ಕುಡಿದು ಹೋಗುತ್ತಾರೆ. ಆ ವರದಿಯು ಅವರ ಕೆಲಸದ ಸಂಪುಟವನ್ನು ಸೇರುತ್ತದೆ, ಆ ಸಂಪುಟವು ಪರದೇಶದ ವಿದ್ಯಾಪೀಠದ ಬಾಗಿಲನ್ನು ತೆರೆಯುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಕಂಡು ಕಲಿಯುವುದು ದೋಷವಲ್ಲ. ಅಮೆರಿಕೆಯ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರಕಾರದ ಕೋರಿಕೆಯಂತೆ ನಮ್ಮ ದೇಶವನ್ನು ಸುತ್ತಿ 1958ರಲ್ಲಿ ಬರೆದ ವರದಿಯಲ್ಲಿ ಬಹುವಾಗಿ ಕೊಂಡಾಡಿದ್ದು ನಮ್ಮ ಹೆಂಗಸರು ಸೊಂಟದ ಮೇಲಿಟ್ಟು ನೀರು ತರುವ ತಂಬಿಗೆಯನ್ನು. ಆ ವರದಿಯ ಫಲವಾಗಿಯೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಹುಟ್ಟಿತು. ನಮ್ಮ ಆಕ್ಷೇಪಣೆಯು ಬೇರೆ. ಗರುಡನು ಕಡಲು ದಾಟುವುದು ಸುಲಭ, ಗರುಡನ ವಿಷಯವಾಗಿ ಬರೆದವನು ದಾಟುವುದೂ ಸಾಧ್ಯ, ಗರುಡನನ್ನು ಕೆತ್ತಿದವನ ಮಗನೋ ಮಗಳೋ ದಾಟುವುದು ಮಾತ್ರ ದುರ್ಲಭವೆಂಬುದೇ ಅದು.

ಕುಶಲಕರ್ಮಿಯು ಕಡಲು ದಾಟಿದ ಉದಾಹರಣೆಗಳು ಹಿಂದೆ ಇಲ್ಲದೆ ಇಲ್ಲ. 1886ರಲ್ಲಿ ಲಂಡನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ ವಸಾಹತುಗಳ ಮಹಾಪ್ರದರ್ಶನವು ನಡೆಯಿತು. ಅಲ್ಲಿ ನೇಕಾರ, ಕುಂಬಾರ, ಬಡಗಿ ಮೊದಲಾದ 34 ಜನರನ್ನು ಕುಳ್ಳಿರಿಸಿ, ಇವರೇ ಹಿಂದುಸ್ಥಾನದ ಹಳ್ಳಿಯ ಕುಶಲಕರ್ಮಿಗಳೆಂದು ತೋರಿಸಿದರು. ನೋಡಲು ಬಂದವರಿಗೆ ತಿಳಿಸದೆ ಇದ್ದ ಸಂಗತಿಯೆಂದರೆ, ಅವರಲ್ಲಿ ಬಹುಮಂದಿ ಆಗ್ರಾದ ಸೆರೆಮನೆಯಲ್ಲಿ ಕೆಲಸ ಕಲಿತವರು, ಅವರನ್ನು ಕರೆದೊಯ್ದವನು ಆ ಸೆರೆಮನೆಯ ಅಧಿಕಾರಿ. ಇದು ಕುಶಲಕರ್ಮಿಯ ಒಂದು ಬಗೆಯ ಪರದೇಶಯಾತ್ರೆ. ಇನ್ನೊಂದು ಬಗೆಯನ್ನು ಪಂಜಾಬಿನ ಭಾಯಿ ರಾಮಸಿಂಗರಲ್ಲಿ ಕಾಣುತ್ತೇವೆ. ಬಡಗಿಗಳ ಮನೆಯಲ್ಲಿ ಹುಟ್ಟಿದ ಇವರು ಲಾಹೋರಿನ ಮೇಯೋ ಕಲಾಶಾಲೆಯಲ್ಲಿ ಕಲಿತು, 1891ರಲ್ಲಿ ಇಂಗ್ಲೆಂಡಿಗೆ ಹೋಗಿ, ವಿಕ್ಟೋರಿಯಾ ರಾಣಿಯ ಆಸ್ಬರ್ನ್ ಅರಮನೆಯ ದರ್ಬಾರು ಕೋಣೆಗೆ ವಿನ್ಯಾಸವನ್ನು ಮಾಡಿದರು. ಹಿಂತಿರುಗಿದ ಮೇಲೆ 1910ರಲ್ಲಿ ತಾವು ಕಲಿತ ಶಾಲೆಗೇ ಮುಖ್ಯಸ್ಥರಾದರು. ಇಬ್ಬರ ಕೈಯಲ್ಲಿಯೂ ಉಳಿ ಇತ್ತು. ಒಬ್ಬನು ಪ್ರದರ್ಶನದ ವಸ್ತುವಾಗಿ ಹೋದನು, ಇನ್ನೊಬ್ಬರು ಶಾಲೆಯ ಮೂಲಕ ಹೋದರು. ನೂರಮೂವತ್ತು ವರ್ಷಗಳಾದರೂ ನಮ್ಮ ಮೇಳ, ಉತ್ಸವಗಳಲ್ಲಿ ಮೊದಲನೆಯ ಬಗೆಯೇ ಹೆಚ್ಚಾಗಿ ಕಂಡುಬರುತ್ತಿದೆ.

ಕನ್ನಡನಾಡಿನಲ್ಲಿ ದಾರಿ ತೋರಿಸಿದವರು ಇಲ್ಲದಿಲ್ಲ. ಮೈಸೂರಿನ ಶ್ರೀಗಂಧವು ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಕೊರಡಾಗಿಯೇ ಕಡಲು ದಾಟಿ ಜರ್ಮನಿಯಲ್ಲಿ ತೈಲವಾಗುತ್ತಿತ್ತು. ಯುದ್ಧದಿಂದ ಆ ಮಾರ್ಗವು ಮುಚ್ಚಲು, 1916ರಲ್ಲಿ ಬೆಂಗಳೂರಿನಲ್ಲಿಯೇ ತೈಲದ ಕಾರ್ಖಾನೆಯು ಹುಟ್ಟಿತು. ದಿವಾನ್ ವಿಶ್ವೇಶ್ವರಯ್ಯನವರ ಆ ಕಾಲದಲ್ಲಿ ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸಾಬೂನಿನ ವಿದ್ಯೆಯನ್ನು ಕಲಿತು ಬಂದರು. ಅವರು ಅಲ್ಲಿಂದ ತಂದದ್ದು ವಿಧಾನವನ್ನು; ಪದಾರ್ಥವು ನಮ್ಮದೇ. ಅಂಡಾಕಾರದ ಆ ಸಾಬೂನು, ಒಡವೆಯ ಪೆಟ್ಟಿಗೆಯಂತಹ ಅದರ ಡಬ್ಬಿ, ಶರಭದ ಲಾಂಛನ ಇವು ಇಂದಿಗೂ ಮನೆಮನೆಯಲ್ಲಿವೆ. ವಿನ್ಯಾಸವೆಂದರೇನೆಂದು ಕೇಳುವ ಅಧಿಕಾರಿ ಮಹಾಶಯರು ತಮ್ಮ ಸ್ನಾನದ ಮನೆಯಲ್ಲಿಯೇ ಉತ್ತರವನ್ನು ಕಾಣಬಹುದು.

ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದ ಕೆ. ವೆಂಕಟಪ್ಪನವರನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಕಲ್ಕತ್ತೆಗೆ, ಅವನೀಂದ್ರನಾಥ ಠಾಕೂರರ ಬಳಿಗೆ ಕಳುಹಿಸಿದರು. ಆ ಕಾಲಕ್ಕೆ ಕಲ್ಕತ್ತೆಯೂ ಪರದೇಶವೇ. ಉಡುಪಿಯ ಕಡೆಯ ಕೆ. ಕೆ. ಹೆಬ್ಬಾರರು 1949-50ರಲ್ಲಿ ಪ್ಯಾರಿಸಿನಲ್ಲಿ ಕಲಿತು ಬಂದರು. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಲಂಡನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಓದಿ, ಅನೇಕ ದೇಶಗಳನ್ನು ಸುತ್ತಿ, ಕೊನೆಗೆ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆಯನ್ನು ಹೊತ್ತು, ಹಳ್ಳಿಹಳ್ಳಿಯ ಕುಶಲಕರ್ಮಿಯ ಬಾಗಿಲಿಗೆ ಬಂದರು. ಇಂತಹ ಪ್ರವಾಸಕ್ಕೆ ಎಷ್ಟು ಹಣ ವ್ಯಯವಾದರೂ ನಷ್ಟವಿಲ್ಲ.

ಆದರೆ ಇವರೆಲ್ಲರ ಬೆನ್ನಿಗೆ ಅರಸರೋ ಅನುಕೂಲವಂತ ಕುಟುಂಬವೋ ಸರಕಾರವೋ ಇದ್ದಿತು. ಸಾಲಾರ್ ಜಂಗರ ಜಹಗೀರಿಗೆ ಒಳಪಟ್ಟು, ಆಮೇಲೆ 1956ರ ವರೆಗೆ ಹೈದರಾಬಾದು ಸಂಸ್ಥಾನದ ಅಂಚಿನಲ್ಲಿದ್ದ ನಮ್ಮ ಸೀಮೆಗೆ ಮೈಸೂರಿನವರಿಗೆ ದೊರೆತ ಆ ಭಾಗ್ಯವು ಎಲ್ಲಿಂದ ಬರಬೇಕು? ಇಂದು ಬೆನ್ನಿಗಿರುವುದು ಕೇಂದ್ರ ಸರಕಾರದ ಸಾಮಾಜಿಕ ನ್ಯಾಯ ಮಂತ್ರಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ. ಪರಿಶಿಷ್ಟ ಜಾತಿಗಳ, ವಿಮುಕ್ತ ಹಾಗೂ ಅಲೆಮಾರಿ ಬುಡಕಟ್ಟುಗಳ, ಭೂಮಿಯಿಲ್ಲದ ಕೃಷಿಕಾರ್ಮಿಕರ, ಪಾರಂಪರಿಕ ಕುಶಲಕರ್ಮಿಗಳ ಮಕ್ಕಳಿಗೆ ಸ್ನಾತಕೋತ್ತರ ಪದವಿಗೂ ಪಿಎಚ್‌.ಡಿ.ಗೂ ಇದು ದೊರೆಯುತ್ತದೆ. ವಯಸ್ಸು 35ಕ್ಕೆ ಒಳಗಿರಬೇಕು, ಕುಟುಂಬದ ವಾರ್ಷಿಕ ವರಮಾನವು 8 ಲಕ್ಷ ರೂಪಾಯಿಗೆ ಮೀರಿರಕೂಡದು, ಪದವಿಯಲ್ಲಿ ನೂರಕ್ಕೆ 60 ಅಂಕಗಳಿರಬೇಕು. ಬೋಧನಶುಲ್ಕ, ವಿಮಾನದ ವೆಚ್ಚ, ಅಲ್ಲದೆ ಜೀವನಕ್ಕಾಗಿ ಇಂಗ್ಲೆಂಡಿನಲ್ಲಿ ವರ್ಷಕ್ಕೆ 9,900 ಪೌಂಡು, ಇತರ ದೇಶಗಳಲ್ಲಿ 15,400 ಡಾಲರು. ಯೋಜನೆಯು ಉದಾರವಾಗಿದೆಯೆಂದು ನಾವು ಒಪ್ಪುತ್ತೇವೆ. ತೊಡಕಿರುವುದು ಇನ್ನು ಮೇಲೆ ಹೇಳುವುದರಲ್ಲಿ.

ಇಡೀ ದೇಶಕ್ಕೆ ವರ್ಷಕ್ಕೆ 125 ಸ್ಥಾನಗಳು. ಅವುಗಳಲ್ಲಿ ಭೂಮಿಯಿಲ್ಲದ ಕಾರ್ಮಿಕರಿಗೂ ಪಾರಂಪರಿಕ ಕುಶಲಕರ್ಮಿಗಳಿಗೂ ಸೇರಿ ಮೀಸಲಾದುವು ನಾಲ್ಕು! ಕಾಶ್ಮೀರದ ಕಾಗದದ ಕೆಲಸದವನಿಂದ ತಂಜಾವೂರಿನ ಕಂಚುಗಾರನ ವರೆಗೆ ಎಲ್ಲರೂ ಈ ನಾಲ್ಕರಲ್ಲಿಯೇ ಪಾಲುದಾರರು.

ಅದೂ ಇರಲಿ. ಪ್ರವೇಶ ದೊರೆತ ವಿಶ್ವವಿದ್ಯಾಲಯವು ಕ್ಯೂ.ಎಸ್. ಸಂಸ್ಥೆಯವರು ಪ್ರಕಟಿಸುವ ಜಾಗತಿಕ ಶ್ರೇಣಿಪಟ್ಟಿಯ ಮೊದಲ 500ರಲ್ಲಿರಬೇಕೆಂದು ನಿಯಮ. ವೈದ್ಯಕ್ಕೂ ಇಂಜಿನಿಯರಿಂಗಿಗೂ ಇದು ಸರಿಹೋಗಬಹುದು. ವಿನ್ಯಾಸದ ವಿಷಯದಲ್ಲಿ ಇದು ವಿಚಿತ್ರವಾಗಿ ಪರಿಣಮಿಸುತ್ತದೆ. 1837ರಲ್ಲಿ ಸ್ಥಾಪಿತವಾದ ಲಂಡನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಅದೇ ಕ್ಯೂ.ಎಸ್.ನವರ ಕಲೆ ಮತ್ತು ವಿನ್ಯಾಸದ ವಿಷಯವಾರು ಪಟ್ಟಿಯಲ್ಲಿ 2015ರಿಂದ 2025ರ ವರೆಗೆ ಪ್ರತಿವರ್ಷವೂ ಮೊದಲನೆಯದಾಗಿ ಬಂದಿದೆ. ಆದರೆ ಒಂದೇ ವಿದ್ಯೆಯನ್ನು ಕಲಿಸುವ ಸಂಸ್ಥೆಗಳಿಗೆ ಸಾಮಾನ್ಯ ಪಟ್ಟಿಯಲ್ಲಿ ಎಡೆಯಿಲ್ಲದ ಕಾರಣ ಆ 500ರಲ್ಲಿ ಅದರ ಹೆಸರೇ ಇಲ್ಲ. ಅಮೆರಿಕೆಯ ರೋಡ್ ಐಲೆಂಡ್ ವಿನ್ಯಾಸಶಾಲೆಗೂ ಇದೇ ಗತಿ. ಪ್ರಪಂಚದಲ್ಲಿ ಆ ವಿದ್ಯೆಗೆ ಅಗ್ರಗಣ್ಯವಾದ ಶಾಲೆಗೆ ಪ್ರವೇಶ ಪಡೆದ ಕುಶಲಕರ್ಮಿಯ ಮಗಳಿಗೆ, ನಿನ್ನ ಶಾಲೆಯು ಪಟ್ಟಿಯಲ್ಲಿಲ್ಲವೆಂದು ಗುಮಾಸ್ತನೊಬ್ಬನು ಕಾಗದವನ್ನು ಹಿಂದಿರುಗಿಸುವ ಸಂಭವವಿದೆ. ವಿಷಯವಾರು ಪಟ್ಟಿಯೂ ಮಾನ್ಯವೆಂಬ ಒಂದು ವಾಕ್ಯವನ್ನು ಸೇರಿಸಿದರೆ ಇದು ಬಗೆಹರಿಯುತ್ತದೆ.

ಇದಕ್ಕಿಂತ ಹೆಚ್ಚು ವ್ಯಥೆಯನ್ನುಂಟುಮಾಡುವುದು 2022ರಲ್ಲಿ ಸೇರಿಸಲ್ಪಟ್ಟ ನಿರ್ಬಂಧ. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತವನ್ನು ಕುರಿತ ಸಾಮಾಜಿಕ ಅಧ್ಯಯನ ಇವುಗಳಿಗೆ ಈ ವೇತನವು ಸಲ್ಲದೆಂದು ಅದು ಹೇಳುತ್ತದೆ. ನಮ್ಮ ದೇಶದ ವಿಷಯವನ್ನು ನಮ್ಮ ದೇಶದಲ್ಲಿಯೇ ಓದಬಹುದಲ್ಲಾ, ಉಳಿದ ಹಣವು ಬೇರೆ ವಿದ್ಯೆಗಳಿಗೆ ಒದಗಲಿ ಎಂಬುದು ಅಧಿಕಾರಿಗಳ ಸಮಾಧಾನ. ಈ ವಾದಕ್ಕೆ ಹೊರನೋಟಕ್ಕೆ ಸ್ವದೇಶಿಯ ಬಣ್ಣವಿರುವುದರಿಂದ ನಮ್ಮಂತಹವರು ಕೂಡಲೇ ತಲೆದೂಗುವ ಅಪಾಯವುಂಟು. ಆದರೆ ಕಿನ್ನಾಳದಲ್ಲಿ ನಿಂತು ಇದನ್ನು ಪರೀಕ್ಷಿಸಿರಿ. ಬಣ್ಣ ಕಳೆದುಕೊಂಡ ಮರದ ಮೂರ್ತಿಯನ್ನು ಹಾಳಾಗದಂತೆ ಉಳಿಸುವ ಶಾಸ್ತ್ರವು ಯುರೋಪಿನ ಪ್ರಯೋಗಶಾಲೆಗಳಲ್ಲಿ ಬಹಳ ಮುಂದುವರಿದಿದೆ. ಚಿತ್ರಗಾರರ ಮನೆಯ ತರುಣಿಯು ಅಲ್ಲಿಗೆ ಹೋಗಿ, ಹುಣಸೆಬೀಜದ ಅಂಟು ನೂರು ವರ್ಷವಾದರೂ ಏಕೆ ಬಿಡುವುದಿಲ್ಲ, ಲಾಜವಾರವು ಏತಕ್ಕೆ ಮಾಸುತ್ತದೆ ಎಂಬುದನ್ನು ಸಂಶೋಧಿಸಬಯಸಿದರೆ, ಅದು ಪರಂಪರೆಯ ವಿಷಯವಾಯಿತೆಂದು ಅವಳನ್ನು ತಡೆಯಬಹುದು. ಪರದೇಶದ ವಿದ್ವಾಂಸನು ತನ್ನ ಸರಕಾರದ ಹಣದಿಂದ ಅದೇ ವಿಷಯಕ್ಕಾಗಿ ಕಿನ್ನಾಳಕ್ಕೆ ಬಂದರೆ ಅವನನ್ನು ತಡೆಯುವವರಿಲ್ಲ. ಕುಶಲಕರ್ಮಿಯೆಂಬ ಕಾರಣಕ್ಕಾಗಿ ಸ್ಥಾನವನ್ನು ಕೊಟ್ಟು, ಅವನ ಕುಶಲವನ್ನೇ ವಿಷಯಗಳ ಪಟ್ಟಿಯಿಂದ ತೆಗೆದುಹಾಕುವುದು ಯಾವ ನ್ಯಾಯ?

ಹೋದ ಹುಡುಗನು ಹಿಂತಿರುಗಿ ಬರುವನೇ ಎಂದು ಕೇಳುವವರಿದ್ದಾರೆ. ಅನುಕೂಲವಂತರ ಮಕ್ಕಳ ವಿಷಯದಲ್ಲಿ ಈ ಪ್ರಶ್ನೆಯು ಇಷ್ಟು ಜೋರಾಗಿ ಕೇಳಿಸುವುದಿಲ್ಲವೆಂಬುದನ್ನು ಗಮನಿಸಬೇಕು. ಪರದೇಶದ ಮೋಹದಿಂದ ಕೈಯ ಹದವೇ ಕೆಡುವುದೆಂಬ ಇನ್ನೊಂದು ಶಂಕೆಯನ್ನು ನಾವು ಅಷ್ಟು ಹಗುರವಾಗಿ ತಳ್ಳಿಹಾಕುವುದಿಲ್ಲ. ಅಗ್ಗದ ಬಣ್ಣಗಳೂ ಅವಸರದ ಬೇಡಿಕೆಯೂ ಊರಿನಲ್ಲಿದ್ದವರ ಹದವನ್ನೇ ಕೆಡಿಸಿರುವುದನ್ನು ಅನೇಕ ಕಲೆಗಳಲ್ಲಿ ಕಂಡಿದ್ದೇವೆ. ಆದರೆ ಎಲ್ಲರೂ ಎರಡು ವರ್ಷದ ಪದವಿಗೇ ಹೋಗಬೇಕೆಂದಿಲ್ಲ. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಬೆಟ್ಟಗಳಲ್ಲಿ ಸೈಫೆನ್ ಎಂಬ ಸಣ್ಣ ಊರಿದೆ. ಅಲ್ಲಿನವರು ತವರದ ಗಣಿಗಳಲ್ಲಿ ದುಡಿಯುತ್ತಿದ್ದವರು. ಗಣಿ ಬರಿದಾಗುತ್ತ ಬರಲು ಮರದ ಆಟಿಕೆಗಳಿಗೆ ಕೈಯಿಕ್ಕಿದರು. ಮರವನ್ನು ಚರಕಿಯಲ್ಲಿ ಬಳೆಯಾಗಿ ಕಡೆದು, ಆ ಬಳೆಯನ್ನು ಹೋಳುಮಾಡಿದರೆ ಒಂದೊಂದು ಹೋಳೂ ಒಂದೊಂದು ಕುದುರೆಯೋ ಹಸುವೋ ಆಗಿ ಹೊರಬೀಳುವಂತಹ ಚಮತ್ಕಾರವು ಅವರದು. ಅಲ್ಲಿ ಆಟಿಕೆಗಾರರ ಶಾಲೆಯಿದೆ, ವಸ್ತುಸಂಗ್ರಹಾಲಯವಿದೆ. ಮರದ ಆಟಿಕೆ ಮಾಡುವುದು ಮೂರು ವರ್ಷ ಕಲಿತು ಸರಕಾರದಿಂದ ಪ್ರಮಾಣಪತ್ರ ಪಡೆಯುವ ವೃತ್ತಿಯಾಗಿದೆ. ಕಿನ್ನಾಳದ ಇಬ್ಬರು ತರುಣರು ಮೂರು ತಿಂಗಳು ಅಲ್ಲಿದ್ದು ಬಂದರೆ, ಅವರು ತರುವುದು ಜರ್ಮನಿಯ ಕುದುರೆಯನ್ನಲ್ಲ. ಒಂದು ಊರು ತನ್ನ ಕಸುಬನ್ನು ಶಾಲೆಯನ್ನಾಗಿ ಮಾಡಿಕೊಂಡ ಬಗೆಯನ್ನು.

ಇದು ನಮ್ಮ ಜಿಲ್ಲೆಗೆ ಹೊಟ್ಟೆಯ ಪ್ರಶ್ನೆಯೂ ಹೌದು. 2021ರ ಜನವರಿಯಲ್ಲಿ ಭಾನಾಪುರದ ಬಳಿ 400 ಎಕರೆಗಳ ಆಟಿಕೆ ತಯಾರಿಕೆಯ ಕೇಂದ್ರಕ್ಕೆ ಅಡಿಗಲ್ಲು ಬಿದ್ದಿತು. ಅಂತಹ ಕಾರ್ಖಾನೆಗಳಲ್ಲಿ ಯಂತ್ರದ ಮುಂದೆ ನಿಲ್ಲುವ ಕೆಲಸವು ನಮ್ಮ ಹಳ್ಳಿಗಳವರಿಗೆ ದೊರೆಯಬಹುದು. ಆಟಿಕೆಯ ಆಕಾರವನ್ನು ಯೋಚಿಸುವ ಮೇಜಿನ ಮುಂದೆ ಯಾರು ಕುಳಿತುಕೊಳ್ಳಬೇಕು? ಶತಮಾನಗಳಿಂದ ಗೊಂಬೆ ಮಾಡಿದವರ ಮನೆಯು ಅದೇ ಜಿಲ್ಲೆಯಲ್ಲಿದೆ.

ಸಂವಿಧಾನದ 371(ಜೆ) ವಿಧಿಯು ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನು ಒದಗಿಸಿದೆ. ರಸ್ತೆ, ಕಟ್ಟಡಗಳ ನಡುವೆ ಆ ಮಂಡಳಿಯವರು ವರ್ಷಕ್ಕೆ ನಾಲ್ಕೈದು ಕುಶಲಕರ್ಮಿ ಕುಟುಂಬಗಳ ಮಕ್ಕಳನ್ನು ಮೊದಲು ದೇಶದೊಳಗಿನ ವಿನ್ಯಾಸಶಾಲೆಗೂ ಅಲ್ಲಿಂದ ಹೊರಕ್ಕೂ ಕಳುಹಿಸುವ ಹೊಣೆಯನ್ನು ಹೊರಲಿ. ಹೊಸದಾಗಿ ಹುಟ್ಟಿರುವ ಕೊಪ್ಪಳ ವಿಶ್ವವಿದ್ಯಾಲಯದವರು ಅರ್ಜಿ ಬರೆಯಿಸುವುದಕ್ಕೆ ಒಬ್ಬ ಅಧ್ಯಾಪಕರನ್ನು ಗೊತ್ತುಮಾಡಲಿ. ನಮ್ಮ ಲೋಕಸಭಾ ಸದಸ್ಯರು 2022ರ ನಿರ್ಬಂಧವನ್ನು ಕುರಿತು ಸಭೆಯಲ್ಲಿ ಪ್ರಶ್ನೆಯನ್ನು ಹಾಕಲಿ. ಅಷ್ಟರೊಳಗಾಗಿ ಜಿಲ್ಲಾಧಿಕಾರಿಗಳು ಈ ಸಾಗರೋತ್ತರ ವೇತನದ ನಿಯಮಗಳನ್ನು ಎರಡು ಪುಟಗಳ ಕನ್ನಡದಲ್ಲಿ ಅಚ್ಚು ಹಾಕಿಸಿ, ಕಿನ್ನಾಳದ ಪಂಚಾಯತಿಯ ಗೋಡೆಗೂ ಶಾಲೆಯ ಗೋಡೆಗೂ ಅಂಟಿಸುವುದಕ್ಕೆ ಯಾರ ಮಂಜೂರಾತಿಯೂ ಬೇಕಾಗಿಲ್ಲ. ಅಂಟಿಗೆ ಆ ಊರಿನಲ್ಲಿ ಕೊರತೆಯಿಲ್ಲ.