ಇಂಗ್ಲೆಂಡಿನ ಹಳ್ಳಿಗಳ ಪುರಾತನ ದೇವಾಲಯಗಳು

ವ್ಯಾಸಂಗಕ್ಕಾಗಿಯೋ ಬಂಧುಗಳನ್ನು ಕಾಣುವುದಕ್ಕಾಗಿಯೋ ಇಂಗ್ಲೆಂಡಿಗೆ ಹೋಗುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಲಂಡನ್ ನಗರದ ದೊಡ್ಡ ದೇವಾಲಯಗಳನ್ನು ನೋಡಿ ತೃಪ್ತರಾಗಿ ಹಿಂದಿರುಗುವುದುಂಟು. ಹಳ್ಳಿಗಳ ಪುರಾತನ ದೇವಾಲಯಗಳಿಗೂ ಒಂದೆರಡು ದಿನಗಳನ್ನು ಮೀಸಲಾಗಿಡಬೇಕೆಂದು ನಾವು ಅವರನ್ನು ಕೇಳಿಕೊಳ್ಳುತ್ತೇವೆ. ಅಲ್ಲಿ ನೋಡತಕ್ಕದ್ದು ಕಟ್ಟಡದ ಅಂದವೊಂದೇ ಅಲ್ಲ; ಓದುಬರಹವಿಲ್ಲದ ಜನರಿಗೆ ಗೋಡೆಗಳೇ ಪಾಠ ಹೇಳಿದ ಬಗೆಯನ್ನೂ ನೋಡಬೇಕು.

ಲಂಡನ್ನಿಗೆ ದಕ್ಷಿಣದಲ್ಲಿ, ಸರ್ರೆ ಪ್ರಾಂತದ ಚಾಲ್ಡನ್ ಎಂಬಲ್ಲಿ ಒಂದು ಚಿಕ್ಕ ದೇವಾಲಯವಿದೆ. ಅದರ ಪಶ್ಚಿಮದ ಗೋಡೆಯ ಮೇಲೆ ಸುಮಾರು 1200ರಲ್ಲಿ ಬರೆದ, 17 ಅಡಿ ಅಗಲ, 11 ಅಡಿ ಎತ್ತರದ ಚಿತ್ರವೊಂದುಂಟು. ಮೇಲೆ ಸ್ವರ್ಗ, ಕೆಳಗೆ ನರಕ, ನಡುವೆ ಉದ್ದನೆಯ ಏಣಿ. ಕೆಲವರು ಏಣಿಯನ್ನು ಹತ್ತುತ್ತಿರುವರು, ಕೆಲವರು ಜಾರಿ ಬೀಳುತ್ತಿರುವರು. ಕಸುಬಿನಲ್ಲಿ ಮೋಸಮಾಡಿದವರು ಮೊನೆಗಳು ನೆಟ್ಟ ಸೇತುವೆಯ ಮೇಲೆ ನಡೆಯಬೇಕು. ಬಡ್ಡಿಕೋರನು ಹಣದ ಚೀಲಗಳೊಡನೆ ಬೆಂಕಿಯಲ್ಲಿ ಕುಳಿತಿರುವನು. ನಮ್ಮ ಕೆಳತರಗತಿಯ ಮಕ್ಕಳೂ ಇದನ್ನು ಯಾವ ವಿವರಣೆಯೂ ಇಲ್ಲದೆ ತಿಳಿಯಬಲ್ಲರು. ಆದರೆ ಇಷ್ಟು ಹೆದರಿಸಿ ಕಲಿಸುವುದು, ಉಪಾಧ್ಯಾಯಿನಿಯರಾದ ನಮ್ಮ ಮನಸ್ಸಿಗೆ ಒಪ್ಪುವುದಿಲ್ಲ.

ಆ ಕಾಲದಲ್ಲಿ ಆರಾಧನೆಯು ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಹಳ್ಳಿಗರಿಗೆ ಅದು ತಿಳಿಯದು. ಇಂಗ್ಲಿಷ್ ಸತ್ಯವೇದವನ್ನು ಪ್ರತಿಯೊಂದು ದೇವಾಲಯದಲ್ಲಿಯೂ ಇಡಬೇಕೆಂದು 1538ರಲ್ಲಿ ಅಪ್ಪಣೆಯಾಯಿತು. ಆರನೆಯ ಎಡ್ವರ್ಡನು ಪಟ್ಟಕ್ಕೆ ಬಂದ 1547ರಲ್ಲಿ ಗೋಡೆಯ ಚಿತ್ರಗಳನ್ನು ಅಳಿಸುವ ಆಜ್ಞೆಯೂ ಹೊರಟಿತು. ಕೆರೆದು ಹಾಕುವುದಕ್ಕಿಂತ ಸುಣ್ಣ ಬಳಿಯುವುದು ಸುಲಭವಷ್ಟೆ! ಹೀಗೆ ಮರೆಮಾಡಬೇಕೆಂದು ಬಳಿದ ಸುಣ್ಣವೇ ಎಷ್ಟೋ ಚಿತ್ರಗಳನ್ನು ಕಾಪಾಡಿತು. ಚಾಲ್ಡನ್ನಿನ ಚಿತ್ರವು ಸುಣ್ಣದಡಿಯಿಂದ ಹೊರಬಂದದ್ದು 1869ರಲ್ಲಿ.

ಲಂಡನ್ನಿಗೆ ಉತ್ತರದಲ್ಲಿ, ಹರ್ಟ್‌ಫರ್ಡ್‌ಷೈರಿನ ಆಶ್ವೆಲ್ ಗ್ರಾಮದ ದೇವಾಲಯದಲ್ಲಿ ನಾವು ನೋಡಿದ್ದು ಬೇರೆ ಬಗೆಯ ಗೋಡೆ. ಅಲ್ಲಿ ಬಣ್ಣವಿಲ್ಲ, ಗೋಪುರದ ಒಳಗಿನ ಕಲ್ಲಿನಲ್ಲಿ ಯಾರೋ ಲ್ಯಾಟಿನ್ ಬಲ್ಲವರು ಗೀಚಿದ ಕೆಲವು ಸಾಲುಗಳಿವೆ. 1348ರಲ್ಲಿ ಇಂಗ್ಲೆಂಡಿಗೆ ಕಾಲಿಟ್ಟ ಮಹಾಮಾರಿಯಿಂದ ಅಸಂಖ್ಯಾತ ಜನರು ಸತ್ತರು. ಈ ಬರಹವು 1350ನ್ನು ನಮೂದಿಸಿ, ಅಳಿದುಳಿದವರ ದುರವಸ್ಥೆಯನ್ನು ಹೇಳುತ್ತದೆ. 1361ರ ಭಯಂಕರ ಬಿರುಗಾಳಿಯನ್ನೂ (ಈಗಿನ ಲೆಕ್ಕದಲ್ಲಿ 1362ರ ಜನವರಿ) ಹೇಳುತ್ತದೆ. ಬರೆದವರ ಹೆಸರಿಲ್ಲ. ಚಾಲ್ಡನ್ನಿನ ಮಹಾ ಚಿತ್ರಕ್ಕಿಂತ ಈ ಸೊಟ್ಟ ಅಕ್ಷರಗಳ ಮುಂದೆಯೇ ನಾವು ಹೆಚ್ಚು ಹೊತ್ತು ನಿಂತೆವು. ಅಲ್ಲಿ ಜನರಿಗೆ ಬೋಧಿಸಿದವರ ಮಾತು. ಇಲ್ಲಿ ನೊಂದವರ ಮಾತು.

ದೀಪವನ್ನು ಗೋಡೆಗೆ ಓರೆಯಾಗಿ ಹಿಡಿದಾಗ ಮಾತ್ರ ಈ ಅಕ್ಷರಗಳು ನಮಗೆ ಚೆನ್ನಾಗಿ ಕಂಡವು. ಹೋಗುವವರು ಒಂದು ಟಾರ್ಚನ್ನು ಜೊತೆಯಲ್ಲಿಟ್ಟುಕೊಳ್ಳುವುದು ಒಳ್ಳೆಯದು.