ವಿಂಡೋಸ್ ಕೀ: ಅಗ್ಗವೂ ಇರಲಿ, ಅಸಲಿಯೂ ಇರಲಿ

ಮಗಳ ಕಾಲೇಜಿಗೆಂದೋ, ಹೊಲಿಗೆ-ಹಪ್ಪಳದ ವ್ಯಾಪಾರದ ಲೆಕ್ಕಕ್ಕೆಂದೋ ಈಗ ಎಷ್ಟೋ ಮನೆಗಳಿಗೆ ಕಂಪ್ಯೂಟರ್ ಬಂದು ಕೂತಿದೆ. ಒಂದು ದಿನ ಪರದೆಯ ಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಎಂಬ ಮಸುಕು ಅಕ್ಷರಗಳು ಕಾಣಿಸಿಕೊಳ್ಳುತ್ತವೆ. ರಿಪೇರಿಯವರನ್ನು ಕೇಳಿದರೆ, “ಲೈಸೆನ್ಸ್ ಇಲ್ಲ ಅಕ್ಕಾ, ಐನೂರು ಕೊಡಿ, ಹಾಕಿ ಕೊಡ್ತೀನಿ” ಅಂತಾರೆ. ಕಂಪೆನಿಯ ಬೆಲೆ ನೋಡಿದರೆ ಸಾವಿರಗಟ್ಟಲೆ! ಕೈಹಿಡಿತದ ಗೃಹಿಣಿ ಏನು ಮಾಡಬೇಕು?

ವಿಂಡೋಸನ್ನು ಬಳಸಲು ಮೈಕ್ರೋಸಾಫ್ಟ್ ಕಂಪೆನಿ ಕೊಡುವ ಅನುಮತಿಯೇ ಲೈಸೆನ್ಸ್. ಐದೈದರ ಐದು ಗುಂಪುಗಳಲ್ಲಿ ಬರುವ 25 ಅಕ್ಷರ-ಅಂಕಿಗಳ ‘ಕೀ’ ಆ ಅನುಮತಿಯ ಗುರುತು ಅಷ್ಟೆ. ಬೀಗದ ಕೈ ಸಿಕ್ಕ ಮಾತ್ರಕ್ಕೆ ಮನೆ ನಮ್ಮದಾಗುತ್ತದೆಯೇ? ಹಾಗೆಯೇ, ಕೀ ಹಾಕಿದೊಡನೆ ಯಂತ್ರ ಒಪ್ಪಿಕೊಂಡಿತೆಂದರೆ ಅದು ಅಸಲಿ ಎಂದಲ್ಲ.

ಮೊದಲು ಮನೆಯಲ್ಲೇ ಹುಡುಕಿ

ಲ್ಯಾಪ್‌ಟಾಪನ್ನು ವಿಂಡೋಸ್ ಸಮೇತ ಕೊಂಡಿದ್ದರೆ, ಅದರ ಹಣ ಆಗಲೇ ಕೊಟ್ಟಾಗಿದೆ! 2012ರಲ್ಲಿ ವಿಂಡೋಸ್ 8 ಬಂದಂದಿನಿಂದ ದೊಡ್ಡ ಕಂಪೆನಿಗಳು ಕೀಯನ್ನು ಯಂತ್ರದೊಳಗೇ ಅಡಗಿಸಿಟ್ಟಿರುತ್ತವೆ. ರಿಪೇರಿಗೆ ಕೊಡುವಾಗ, “ಯಂತ್ರದ ಜೊತೆ ಬಂದದ್ದು ಹೋಮ್, ಹೋಮನ್ನೇ ಹಾಕಿ” ಎಂದು ಹೇಳಿ. ಅಲ್ಲಿ ‘ಪ್ರೊ’ ಹಾಕಿಬಿಟ್ಟರೆ ಒಳಗಿನ ಹೋಮ್ ಕೀ ಅದಕ್ಕೆ ಹೊಂದುವುದಿಲ್ಲ. ಇದ್ದ ಒಡವೆಯನ್ನು ಪೆಟ್ಟಿಗೆಯಲ್ಲಿಟ್ಟು ಇನ್ನೊಂದು ಕೊಂಡ ಹಾಗಾಗುತ್ತದೆ.

ಅಸಲಿ ವಿಂಡೋಸ್ 10 ಇದ್ದವರಿಗೆ, ಯಂತ್ರ ತಕ್ಕದ್ದಾಗಿದ್ದರೆ, ವಿಂಡೋಸ್ 11 ಉಚಿತ. 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇದನ್ನೇ ಹೇಳಿ ಹೆದರಿಸಿ ಕೀ ಮಾರುವವರಿದ್ದಾರೆ, ಜೋಕೆ! ಹಳೆಯ ವಿಂಡೋಸ್ 7 ಮತ್ತು 8ರ ಕೀಗಳಿಂದ ಹೊಸದನ್ನು ನಡೆಸುವ ದಾರಿಯನ್ನು ಕಂಪೆನಿ 2023ರಲ್ಲೇ ಮುಚ್ಚಿತು.

ಮೂರು ಬಗೆಯ ಲೈಸೆನ್ಸ್

‘ರೀಟೇಲ್’ ಎಂಬುದು ಬಿಡಿ ಮಾರಾಟದ್ದು. ಬೆಲೆ ಹೆಚ್ಚು, ಆದರೆ ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಬಹುದು.

‘ಓಇಎಂ’ ಎಂಬುದು ಹೊಸ ಯಂತ್ರದ ಜೊತೆಗೇ ಬರುವಂಥದ್ದು. ಅಳತೆಗೆ ಹೊಲಿದ ರವಿಕೆಯ ಹಾಗೆ ಅದೊಂದೇ ಯಂತ್ರಕ್ಕೆ. ಮದರ್‌ಬೋರ್ಡ್ ಬದಲಾಯಿಸಿದರೆ ಸಾಮಾನ್ಯವಾಗಿ ಅದರ ಕಥೆ ಮುಗಿಯಿತು.

‘ವಾಲ್ಯೂಮ್’ ಎಂಬುದು ಕಚೇರಿ, ಕಾಲೇಜುಗಳು ಸಗಟಾಗಿ ಪಡೆಯುವಂಥದ್ದು. ಅಗ್ಗದ ಕೀಗಳಲ್ಲಿ ಎಷ್ಟೋ ಇಲ್ಲಿಂದ ಸೋರಿ ಬಂದವು. ಬೇರೆಯವರ ಮದುವೆಯ ಊಟದ ಚೀಟಿ ನಮಗೆ ಮಾರಿದ ಹಾಗೆ! ಹಲವು ಕಡೆ ಬಳಕೆಯಾದದ್ದು ತಿಳಿದರೆ ಕಂಪೆನಿ ಆ ಕೀಯನ್ನು ತಡೆಹಿಡಿಯುತ್ತದೆ. ಇದರ ಇನ್ನೊಂದು ಬಗೆ 180 ದಿನಗಳೊಳಗೆ ಕಚೇರಿಯ ಯಂತ್ರದಿಂದ ಮತ್ತೆ ಒಪ್ಪಿಗೆ ಪಡೆಯಲೇಬೇಕು. ಮನೆಗೆ ಆ ಕಚೇರಿ ಎಲ್ಲಿಂದ ಬರಬೇಕು?

“ಯೂರೋಪಿನಲ್ಲಿ ಹಳೆಯ ಲೈಸೆನ್ಸ್ ಮಾರಬಹುದಂತಲ್ಲ?” ಎಂದು ಕೆಲವರು ವಾದಿಸುತ್ತಾರೆ. ನಿಜ, ಯೂರೋಪ್ ಒಕ್ಕೂಟದ ನ್ಯಾಯಾಲಯ 2012ರ ಜುಲೈ 3ರಂದು ಹಾಗೆ ತೀರ್ಪಿತ್ತಿದೆ. ಆದರೆ ಮಾರಿದವನು ತನ್ನ ಬಳಕೆಯನ್ನು ಪೂರ್ತಿ ನಿಲ್ಲಿಸಬೇಕೆಂಬ ಷರತ್ತೂ ಅದರಲ್ಲಿದೆ. ಆ ತೀರ್ಪು ನಮ್ಮ ದೇಶದ ಕಾನೂನಲ್ಲ.

ಅಗ್ಗವಾಗಿ ಪಡೆಯುವ ನೇರ ದಾರಿಗಳು

* ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿ ಹೊಸ ಕಂಪ್ಯೂಟರ್ ಮಾಡಿಸುವಾಗಲೇ ಓಇಎಂ ಲೈಸೆನ್ಸ್ ಕೇಳಿ. ರೀಟೇಲಿಗಿಂತ ಕಡಿಮೆಗೆ ಸಿಗುತ್ತದೆ. ಬಿಲ್ಲಿನಲ್ಲಿ ಅದನ್ನು ಬೇರೆಯಾಗಿ ಬರೆಸಿ.
* ಮನೆಗೆ ಹೋಮ್ ಸಾಕು. ಅಮೆರಿಕದಲ್ಲಿ ಹೋಮ್‌ಗೆ 139 ಡಾಲರ್, ಪ್ರೊಗೆ 199. ಬೇಡದ್ದಕ್ಕೇಕೆ ಹೆಚ್ಚು ಹಣ?
* ರಿಪೇರಿ ಮಾಡಿ ಮಾರುವ ಹಳೆಯ ಲ್ಯಾಪ್‌ಟಾಪ್ ಕೊಳ್ಳುವುದಾದರೆ, ಅಸಲಿ ವಿಂಡೋಸ್ ಇದೆಯೆಂದು ಬರೆದುಕೊಡುವವರಲ್ಲೇ ಕೊಳ್ಳಿ.
* ಬರೀ ವಾಟ್ಸ್ಯಾಪಿನಲ್ಲಿ ಕೀ ಕಳಿಸುವವರು, ಜಿಎಸ್‌ಟಿ ಬಿಲ್ ಕೊಡದವರು, “ಆ್ಯಂಟಿವೈರಸ್ ಆರಿಸಿ, ಇದೊಂದು ಫೈಲ್ ಓಡಿಸಿ” ಎನ್ನುವವರು, ಇವರಿಂದ ದೂರವಿರಿ. ಆ ಫೈಲಿನ ಜೊತೆ ನಿಮ್ಮ ಬ್ಯಾಂಕಿನ ಗುಟ್ಟು ಕದಿಯುವ ಕಳ್ಳನೂ ಒಳಗೆ ಬರಬಹುದು.

ಈಗಾಗಲೇ ಹಾಕಿಸಿದ್ದರೆ ಪರೀಕ್ಷೆ ಮಾಡಿ. ವಿಂಡೋಸ್ ಗುಂಡಿಯ ಜೊತೆ ‘ಆರ್’ ಒತ್ತಿ. ಬಂದ ಪೆಟ್ಟಿಗೆಯಲ್ಲಿ ಇಂಗ್ಲಿಷಿನ ಎಸ್, ಎಲ್, ಎಂ, ಜಿ, ಆರ್ ಎಂದು ಬರೆದು, ಜಾಗ ಬಿಟ್ಟು, ಮುಂದಕ್ಕೆ ಬಾಗಿದ ಓರೆಗೆರೆ ಎಳೆದು, ಡಿ, ಎಲ್, ಐ ಸೇರಿಸಿ ಎಂಟರ್ ಒತ್ತಿ. ಮನೆಯ ಯಂತ್ರದಲ್ಲಿ ‘ವಾಲ್ಯೂಮ್’ ಎಂಬ ಪದ ಕಂಡರೆ ಹಾಕಿದವರನ್ನು ಬಿಲ್ ಸಮೇತ ಕೇಳಿ.

ನಕಲಿಯೆಂದು ತಿಳಿದೂ ಬಳಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಡಿ ಅಪರಾಧ. ವ್ಯಾಪಾರದ ಲೆಕ್ಕಕ್ಕೆ ಬಳಸುವವರಿಗಂತೂ ಎಚ್ಚರ ಹೆಚ್ಚು ಬೇಕು. ಕೊಂಡದ್ದರಲ್ಲಿ ಮೋಸವಾದರೆ ಗ್ರಾಹಕ ಸಹಾಯವಾಣಿ 1915. ಆನ್‌ಲೈನಿನಲ್ಲಿ ಹಣವೇ ಹೋದರೆ ತಡಮಾಡದೆ 1930.

ಖರ್ಚೇ ಬೇಡವೆನ್ನುವವರಿಗೆ ಉಬುಂಟು ಇದೆ. ಪೂರ್ಣ ಉಚಿತ, ಕನ್ನಡವೂ ಬರುತ್ತದೆ. ಪತ್ರ, ಲೆಕ್ಕಗಳಿಗೆ ಲಿಬ್ರೆಆಫೀಸ್ ಸಾಕು. ಮಗುವಿನ ಪಾಠಕ್ಕೆ ವಿಂಡೋಸೇ ಬೇಕೇ ಎಂದು ಶಾಲೆಯಲ್ಲಿ ಒಮ್ಮೆ ಕೇಳಿ ನೋಡಿ.

ತರಕಾರಿಯವನ ಹತ್ತಿರ ಚೌಕಾಸಿ ಮಾಡುವ ಮೊದಲು ಬದನೆಕಾಯಿಯನ್ನು ತಿರುಗಿಸಿ ಹುಳುಕು ನೋಡುತ್ತೀರಲ್ಲವೇ? ಇಲ್ಲೂ ಅದೇ ಕಣ್ಣು ಬೇಕು. ಬೆಲೆ ಎಷ್ಟೆಂದು ಕೇಳುವ ಮೊದಲು, ಯಾವ ಬಗೆಯ ಲೈಸೆನ್ಸ್, ಬಿಲ್ ಕೊಡ್ತೀರಾ ಎಂದು ಕೇಳಿ. ಉತ್ತರ ತಡವರಿಸಿದರೆ ಪರ್ಸು ಮುಚ್ಚಿ ಮನೆಗೆ ಬನ್ನಿ.