ಊರು ಹೊರಗಿಟ್ಟವರ ಆಸ್ಪತ್ರೆ

ಸ್ಯಾನ್ ಫ್ರಾನ್ಸಿಸ್ಕೊದ ಚೈನಾಟೌನಿನಲ್ಲಿ, ಜಾಕ್ಸನ್ ಬೀದಿಯಲ್ಲಿ, ಚೈನೀಸ್ ಹಾಸ್ಪಿಟಲ್ ಎಂಬ ಆಸ್ಪತ್ರೆಯಿದೆ. ಹೊರಗಿನವರಿಗೆ ಅದು 1940ರಲ್ಲಿ ಬ್ರೂಸ್ ಲೀ ಹುಟ್ಟಿದ ಜಾಗವೆಂದಷ್ಟೇ ಗೊತ್ತು. ವಲಸೆ ಬಂದವರು ತಮ್ಮ ಗುಡಿ, ತಮ್ಮ ಶಾಲೆ ಕಟ್ಟಿಕೊಂಡ ಹಾಗೆಯೇ ತಮ್ಮ ಆಸ್ಪತ್ರೆಯನ್ನೂ ಕಟ್ಟಿಕೊಂಡರು ಎಂದು ಇದರ ಚರಿತ್ರೆ ಹೇಳುವುದು ಸುಲಭ. ಆದರೆ ಗುಡಿಯನ್ನು ಜನ ಬಯಸಿ ಕಟ್ಟಿದರು. ಆಸ್ಪತ್ರೆಯನ್ನು ಕಟ್ಟಿದ್ದು ಬೇರೆ ದಾರಿಯಿಲ್ಲದೆ. ಚಿನ್ನದ ಗಣಿಗಳಿಗೂ ರೈಲು ಹಳಿಗಳಿಗೂ ಚೀನೀ ಕೂಲಿಗಳು ಬೇಕಾಗಿದ್ದರು, ಅವರ ಕಾಯಿಲೆ ಮಾತ್ರ ಯಾರಿಗೂ ಬೇಕಾಗಿರಲಿಲ್ಲ. 1882ರಲ್ಲಿ ಅಮೆರಿಕ ಚೀನೀ ಕೂಲಿಗಳ ಪ್ರವೇಶವನ್ನೇ ಕಾನೂನಿನಿಂದ ತಡೆಯಿತು. ಅಷ್ಟರಲ್ಲಾಗಲೇ ನಗರದ ಸಾರ್ವಜನಿಕ ಆಸ್ಪತ್ರೆಯ ಬಾಗಿಲು ಅವರಿಗೆ ಬಹುಮಟ್ಟಿಗೆ ಮುಚ್ಚಿತ್ತು. 1876ರಲ್ಲಿ ಸಿಡುಬು ಹರಡಿದಾಗ ಆರೋಗ್ಯಾಧಿಕಾರಿಗಳು ದೂರಿದ್ದು ಚೈನಾಟೌನನ್ನೇ. ರೋಗಕ್ಕೆ ಕಾರಣರೆಂದು ಯಾರನ್ನು ದೂರಿದರೋ ಅವರಿಗೇ ಚಿಕಿತ್ಸೆ ಕೊಡಲಿಲ್ಲ.

ಈ ವೈರುಧ್ಯ ಬಯಲಿಗೆ ಬಿದ್ದದ್ದು 1900ರ ಪ್ಲೇಗಿನಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಚೈನಾಟೌನಿನ ನಿವಾಸಿಯೊಬ್ಬ ಸತ್ತ. ಪ್ಲೇಗ್ ಎಂಬ ಶಂಕೆ ಬಂದದ್ದೇ ತಡ, ಬಡಾವಣೆಯ ಸುತ್ತ ಹಗ್ಗ ಕಟ್ಟಿ ಪೊಲೀಸರನ್ನು ನಿಲ್ಲಿಸಿದರು. ಬಿಳಿಯರನ್ನು ಹೊರಗೆ ಬಿಟ್ಟು ಚೀನೀಯರನ್ನು ಒಳಗೆ ಕೂಡಿಹಾಕಿದರು. ಮೇ ತಿಂಗಳಲ್ಲಿ ಹಾಫ್‌ಕಿನ್ ಲಸಿಕೆ ಹಾಕಿಸಿಕೊಳ್ಳದ ಏಷ್ಯನ್ನರು ನಗರ ಬಿಟ್ಟು ಹೋಗುವಂತಿಲ್ಲ ಎಂಬ ಆಜ್ಞೆ ಬಂತು. ಇದು ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ತಯಾರಿಸಿದ ಪ್ಲೇಗ್ ಲಸಿಕೆ. 1898ರಲ್ಲಿ ಬೆಂಗಳೂರನ್ನು ಹೊಕ್ಕು ಊರಿಗೆ ಊರನ್ನೇ ಗುಳೆ ಎಬ್ಬಿಸಿದ್ದೂ ಅದೇ ಜಾಗತಿಕ ಪ್ಲೇಗಿನ ಅಲೆ. ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ವರ್ತಕರು ಈ ಕ್ರಮಗಳ ವಿರುದ್ಧ ಕೋರ್ಟಿಗೆ ಹೋದರು. ನ್ಯಾಯಾಧೀಶ ವಿಲಿಯಂ ಮಾರೋ ಮೊದಲು ಲಸಿಕೆಯ ಬಲವಂತವನ್ನೂ, ಜೂನ್‌ನಲ್ಲಿ ದಿಗ್ಬಂಧನವನ್ನೂ ತಡೆದರು. ಜನಾಂಗ ನೋಡಿ ಹಾಕಿದ ಕಟ್ಟು ಸಮಾನ ರಕ್ಷಣೆಗೆ ವಿರುದ್ಧ. ಸೋಂಕಿತರ ಜೊತೆಗೆ ಆರೋಗ್ಯವಂತರನ್ನೂ ಕೂಡಿಹಾಕಿದರೆ ರೋಗ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ ಎಂಬುದು ತೀರ್ಪಿನ ತಿರುಳು. (ಇತ್ತ ರಾಜ್ಯದ ಗವರ್ನರ್ ಹೆನ್ರಿ ಗೇಜ್ ಅವರದು ಬೇರೆಯೇ ರಾಗ: ಪ್ಲೇಗೇ ಇಲ್ಲ!) ಚೈನಾಟೌನಿನ ಸಂಘಗಳ ಒಕ್ಕೂಟವಾದ 'ಸಿಕ್ಸ್ ಕಂಪನೀಸ್' ತುಂಗ್ ವಾ ಚಿಕಿತ್ಸಾಲಯವನ್ನು ತೆರೆದದ್ದು ಇದೇ ವರ್ಷಗಳ ಆಸುಪಾಸಿನಲ್ಲಿ. ಹಾಂಗ್‌ಕಾಂಗಿನ ತುಂಗ್ ವಾ ಆಸ್ಪತ್ರೆಯೇ ಇದಕ್ಕೆ ಮಾದರಿ.

ಚೀನೀಯರಿಗೆ ನಾಡಿ ನೋಡುವ ತಮ್ಮ ವೈದ್ಯರ ಮೇಲೆಯೇ ನಂಬಿಕೆ, ಪಾಶ್ಚಾತ್ಯ ಆಸ್ಪತ್ರೆಯ ಹತ್ತಿರ ಅವರಾಗಿಯೇ ಸುಳಿಯಲಿಲ್ಲ ಎಂದು ಇಲ್ಲೊಂದು ಆಕ್ಷೇಪ ಎತ್ತಬಹುದು. ಇದರಲ್ಲಿ ಸತ್ಯದ ಎಳೆಯಿದೆ. ಆದರೆ ತುಂಗ್ ವಾದಲ್ಲಿ ಚೀನೀ ವೈದ್ಯ ಪದ್ಧತಿಯ ಜೊತೆಗೆ ಪಾಶ್ಚಾತ್ಯ ಪದ್ಧತಿಯ ಡಾಕ್ಟರರೂ ಇದ್ದರು, ಜನ ಇಬ್ಬರ ಹತ್ತಿರವೂ ಹೋದರು. ಅವರು ಅಂಜಿದ್ದು ಔಷಧಿಗಲ್ಲ. ಹಗ್ಗ ಕಟ್ಟಿದ ಸರ್ಕಾರವೇ ಸೂಜಿ ಹಿಡಿದು ಬಂದಾಗ ಯಾರಾದರೂ ಹಿಂದೆ ಸರಿಯುತ್ತಾರೆ. ಆ ಅಪನಂಬಿಕೆಯನ್ನು ಸಂಸ್ಕೃತಿಯ ಲೆಕ್ಕಕ್ಕೆ ಬರೆದರೆ ಆಡಳಿತದ ತಪ್ಪು ಮರೆಯಾಗುತ್ತದೆ.

ಇನ್ನೊಂದು ಆಕ್ಷೇಪವನ್ನು ಇಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಅದಕ್ಕೆ ಮೊದಲು ಆಸ್ಪತ್ರೆಯ ಮುಂದಿನ ಕಥೆ ನೋಡಬೇಕು. 1906ರ ಭೂಕಂಪ, ಬೆಂಕಿಗಳಲ್ಲಿ ಚಿಕಿತ್ಸಾಲಯ ನಾಶವಾಯಿತು. ಮತ್ತೆ ಕಟ್ಟಿದ್ದು ಇಕ್ಕಟ್ಟಾಯಿತು. 1920ರ ದಶಕದಲ್ಲಿ ಹದಿನೈದು ಸಂಘಗಳು ಒಟ್ಟಾಗಿ ವಂತಿಗೆ ಎತ್ತಿ ಪೂರ್ಣ ಪ್ರಮಾಣದ ಆಸ್ಪತ್ರೆ ಕಟ್ಟಿ 1925ರ ಏಪ್ರಿಲ್ 18ರಂದು, ಭೂಕಂಪದ ವರ್ಷಾಂತಿಕದ ದಿನವೇ, ತೆರೆದವು. ಅಮೆರಿಕದಲ್ಲೇ ಹುಟ್ಟಿದ ಮೊದಲ ಚೀನೀ ಮೂಲದ ಮಹಿಳಾ ವೈದ್ಯೆ ಮಾರ್ಗರೆಟ್ ಚಂಗ್ ಆರಂಭದ ವೈದ್ಯರಲ್ಲೊಬ್ಬರು. ಹೀಗೆ ತಮ್ಮ ರೋಗಿಗಳನ್ನು ತಾವೇ ನೋಡಿಕೊಂಡದ್ದರಿಂದ ನಗರದ ಹೆಗಲಿನ ಭಾರ ಇಳಿಯಿತಲ್ಲವೇ, ಬೇರ್ಪಡಿಕೆ ಇನ್ನಷ್ಟು ಗಟ್ಟಿಯಾಯಿತಲ್ಲವೇ? ಒಂದು ಮಟ್ಟಿಗೆ ಹೌದು. ಆದರೆ ಹೆರಿಗೆಗೆ ಬಂದವಳು ನಗರಸಭೆಯ ಮನಸ್ಸು ಬದಲಾಗುವವರೆಗೆ ಕಾಯಲಾರಳು. ಅದೂ ಅಲ್ಲದೆ, ಆ ಜನ ಎರಡನ್ನೂ ಮಾಡಿದರು: ಒಂದು ಕಡೆ ಕೋರ್ಟಿನಲ್ಲಿ ಹಕ್ಕು ಕೇಳಿದರು, ಇನ್ನೊಂದು ಕಡೆ ಹಾಸಿಗೆ ಹಾಸಿದರು. ಆಸ್ಪತ್ರೆ ಕಟ್ಟಿದ್ದಕ್ಕೆ ಹಕ್ಕು ಬಿಟ್ಟುಕೊಟ್ಟರು ಎನ್ನಲು ಆಧಾರ ಕಾಣುವುದಿಲ್ಲ.

ನಿಷೇಧದ ಕಾನೂನು 1943ರಲ್ಲಿ ರದ್ದಾಯಿತು, ಉಳಿದ ಆಸ್ಪತ್ರೆಗಳ ಬಾಗಿಲೂ ಕ್ರಮೇಣ ತೆರೆಯಿತು. ಹೊರಗಿಟ್ಟದ್ದೊಂದೇ ಕಾರಣವಾಗಿದ್ದರೆ ಈ ಆಸ್ಪತ್ರೆ ಅಲ್ಲಿಗೇ ಮುಗಿಯಬೇಕಿತ್ತು. ನನ್ನ ವಾದಕ್ಕೆ ತಿದ್ದುಪಡಿ ಬೇಕಾಗುವುದು ಇಲ್ಲಿಯೇ: ಕೊರತೆಯಿಂದ ಹುಟ್ಟಿದ ಸಂಸ್ಥೆ ಅಷ್ಟರಲ್ಲಿ ಇತರರಿಗೆ ಇಲ್ಲದ ಸಾಮರ್ಥ್ಯವೊಂದನ್ನು ಬೆಳೆಸಿಕೊಂಡಿತ್ತು. ಎದೆಯಲ್ಲಿ ಹಿಂಡುತ್ತಿದೆಯೋ, ಉರಿಯುತ್ತಿದೆಯೋ, ಚುಚ್ಚುತ್ತಿದೆಯೋ ಎಂಬುದನ್ನು ಮುದುಕಿಯೊಬ್ಬಳು ಕ್ಯಾಂಟನೀಸಿನಲ್ಲಿ ಹೇಳಿದರೆ ಅರ್ಥವಾಗುವ ಕಡೆ ರೋಗ ಬೇಗ ಪತ್ತೆಯಾಗುತ್ತದೆ. 1965ರ ವಲಸೆ ಕಾನೂನು ಹೊಸಬರನ್ನು ಕರೆತಂದಾಗ ಆ ಅಗತ್ಯ ಇನ್ನೂ ಹೆಚ್ಚಿತು. 1979ರಲ್ಲಿ ಪಕ್ಕದಲ್ಲೇ ಹೊಸ ಕಟ್ಟಡ ಎದ್ದಿತು. 1980ರ ದಶಕದಲ್ಲಿ ಆಸ್ಪತ್ರೆ ತನ್ನದೇ ಆರೋಗ್ಯ ವಿಮಾ ಯೋಜನೆಯನ್ನೂ ಆರಂಭಿಸಿತು. 1925ರ ಕಟ್ಟಡ ಕೆಡವಿದ ಜಾಗದಲ್ಲಿ 2016ರಲ್ಲಿ ಈಗಿನ ಆಸ್ಪತ್ರೆ ತೆರೆಯಿತು.